ಕಲ್ಲು ಓದಿದ ವಿಠ್ಠಲರಾಯರು

ನಮ್ಮ ಹಾನಗಲ್ಲಿನ ವಿಠ್ಠಲರಾವ ಹುಲಗೂರ ಅವರದು ಓದಿನ ಮನೆತನ. ಅಜ್ಜ ಶಾಸನ ಓದುತ್ತಿದ್ದರು. ಅಪ್ಪ ಪಂಚಾಂಗ ಓದುತ್ತಿದ್ದರು. ವಿಠ್ಠಲರಾಯರು ಮನೆಮನೆಗೆ ತಿರುಗಿ ಕರೆಂಟಿನ ಮೀಟರು ಓದಿ ನಿವೃತ್ತರಾದರು. ಬೇರೆ ಯಾರಾದರೂ ಆಗಿದ್ದರೆ ಈ ಇಳಿಜಾರನ್ನು ನೋಡಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ರಾಯರು ಹಾಗಲ್ಲ. ಅಜ್ಜನ ವಿದ್ಯೆಯೂ ಅಜ್ಜನ ಬೊಕ್ಕತಲೆಯ ಹಾಗೆ ತಾನಾಗಿಯೇ ತಮಗೆ ಇಳಿದು ಬಂದಿದೆ ಎಂಬುದು ಅವರ ಗಟ್ಟಿ ನಂಬಿಕೆ. ನಮ್ಮ ತಾತ ತುಪ್ಪ ತಿಂದಿದ್ದ, ಬೇಕಾದರೆ ನನ್ನ ಕೈ ಮೂಸಿ ನೋಡಿ ಅನ್ನುವ ಪೈಕಿ. ನಾನು ಪಕ್ಕದ ಮನೆಯವನಾದ್ದರಿಂದ ಆ ಕೈಯನ್ನು ದಿನಾ ಬೆಳಿಗ್ಗೆ ಮೂಸಬೇಕಾಗಿತ್ತು.

ಇಂಥವರಿಗೆ ಹುಬ್ಬಳ್ಳಿಯಿಂದ ಫೋನು ಬಂತು. ಅವರ ದೂರದ ಅಣ್ಣನ ಮಗಳು ಪದ್ಮಜಾ ಬ್ಯಾಂಕಿನಲ್ಲಿ ದೊಡ್ಡ ಆಫೀಸರು, ಜೊತೆಗೆ ಬೆಳಗಿನ ವಾಕಿಂಗ್ ಮಾಡುವ ಹೆಂಗಸರ ಮಂಡಳಿಗೆ ಅಧ್ಯಕ್ಷೆ. ಮಂಡಳಿಯವರಿಗೆ ನಡೆದು ನಡೆದು ಬೇಸರ ಬಂದಿತ್ತು. ಈಗ ಗಾಡಿಯಲ್ಲಿ ಕೂತು ಹಳೆಯ ಸಂತೆ, ಹಳೆಯ ಗುಡಿ ನೋಡಬೇಕೆಂಬ ಹುಕಿ ಹುಟ್ಟಿತ್ತು.

‘ಕಾಕಾ, ಎಲ್ಲಾ ಒಂದs ದಿನದಾಗ ಆಗಬೇಕು ನೋಡ್ರಿ. ತಿಳಿಸಿ ಹೇಳೋವ್ರು ಬೇಕು. ನಿಮ್ಮನ್ನ ಬಿಟ್ರ ನಮಗ ಯಾರಿದ್ದಾರ? ಇದು ಛಲೋ ಆತಂದ್ರ ತಿಂಗಳಾ ಒಂದು ಗಾಡಿ ತುಂಬ ಮಂದಿ ಕರ್ಕೊಂಡು ಬರ್ತೀನಿ,’ ಎಂದಳು.

ರಾಯರು ಆ ಫೋನು ಇಡುವುದರೊಳಗೆ ಶಾಸನತಜ್ಞರಾಗಿದ್ದರು. ಹೆಂಡತಿ ಗಂಗಾಬಾಯಿ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು.

‘ಮೀಟರಿನಾಗಿನ ಆರಕ್ಕ ಒಂಬತ್ತು ಅಂತ ಬರದು ಊರ ಮಂದಿ ಕಡೆ ಬೈಸ್ಕೊಂಡ್ರಿ. ಈಗ ಹಳಗನ್ನಡಾ ಓದವ್ರೇನು?’

‘ನಿನಗ ತಿಳಿಯೂದಿಲ್ಲ. ಅದು ರಕ್ತದಾಗ ಬರ್ತದ.’

‘ರಕ್ತದಾಗ ಬಂದದ್ದು ಸಕ್ಕರಿ. ಗುಳಿಗಿ ಕಿಸೇದಾಗ ಇಟ್ಕೊಂಡು ಹೋಗ್ರಿ.’

ರಾಯರು ಮಂಡಳಿಗೆ ಒಪ್ಪಿಸಿದ ಕಾರ್ಯಕ್ರಮ ಹೀಗಿತ್ತು: ಶಿಗ್ಗಾಂವಿಯಲ್ಲಿ ಸ್ವಾಗತ, ಸವಣೂರಿನಲ್ಲಿ ಎಲೆಪೇಟೆ, ಬಿದರಕೊಪ್ಪದಲ್ಲಿ ವಾರದ ಸಂತೆ, ಹಾನಗಲ್ಲಿನಲ್ಲಿ ತಾರಕೇಶ್ವರ, ಊಟ, ಆಡೂರು, ಆಮೇಲೆ ಹಿರೇಕೆರೂರು, ಹೊತ್ತು ಮುಳುಗುವುದರೊಳಗೆ ಹುಬ್ಬಳ್ಳಿ. ಇದನ್ನು ಮಾಡಿ ಮುಗಿಸಲು ಗಾಡಿಗೆ ರೆಕ್ಕೆ ಬೇಕಾಗಿತ್ತು. ನನ್ನನ್ನು ಸಹಾಯಕ ಮಾರ್ಗದರ್ಶಕ ಎಂದು ನೇಮಿಸಿದರು. ಅಂದರೆ ನೀರಿನ ಕ್ಯಾನು ಮತ್ತು ಅವಲಕ್ಕಿ ಚೀಲ ಹೊರುವವನು ಎಂದು ಶಿಗ್ಗಾಂವಿ ಮುಟ್ಟಿದ ಮೇಲೆ ಗೊತ್ತಾಯಿತು.

ಅಲ್ಲಿ ಟೆಂಪೋದಿಂದ ಮಂಡಳಿ ಇಳಿಯಿತು. ಎಲ್ಲರಿಗೂ ಕಪ್ಪು ಕನ್ನಡಕ, ಅಗಲ ಟೋಪಿ, ಹಳ್ಳಿ ನೋಡಲೆಂದೇ ಹುಬ್ಬಳ್ಳಿಯಲ್ಲಿ ಕೊಂಡ ಇಳಕಲ್ ಸೀರೆ. ಜೊತೆಗೆ ಪದ್ಮಜಾಳ ಮಗ ಆಕಾಶ. ಅವನು ಕೋಲಿನ ತುದಿಗೆ ಫೋನು ಸಿಕ್ಕಿಸಿಕೊಂಡು ಅದರ ಜೊತೆಗೇ ಮಾತಾಡುತ್ತಿದ್ದ. ಆ ದಿನ ಅವನು ಒಂದು ಗುಡಿಯನ್ನಾಗಲಿ ಒಬ್ಬ ಮನುಷ್ಯನನ್ನಾಗಲಿ ನೆಟ್ಟಗೆ ಕಣ್ಣಿಟ್ಟು ನೋಡಿದ್ದು ನಾನು ಕಾಣೆ.

ಸವಣೂರಿನಲ್ಲಿ ಅವರು ವೀಳ್ಯದೆಲೆಯ ಫೋಟೋ ತೆಗೆದರು, ಎಲೆ ಮಾರುವವನ ಗಡ್ಡದ ಫೋಟೋ ತೆಗೆದರು, ಎಲೆ ಮಾತ್ರ ಕೊಳ್ಳಲಿಲ್ಲ. ರಾಯರ ಬಾಯಿಗೆ ಬಿಡುವೇ ಇರಲಿಲ್ಲ. ಗೊತ್ತಿಲ್ಲ ಎಂಬ ಒಂದು ಶಬ್ದವನ್ನು ಅವರ ಮನೆತನ ಬಳಸಿದ್ದೇ ಇಲ್ಲವೋ ಏನೋ. ದಾರಿಬದಿಯ ಒಂದು ಗುಡಿಯ ಮುಂದೆ ಗಾಡಿ ನಿಂತಾಗ ಮಂಡಳಿಯ ಒಬ್ಬಾಕೆ, ‘ಈ ದ್ವಾರಪಾಲಕನ ಮೂಗು ಯಾಕ ಇಲ್ರಿ?’ ಎಂದು ಕೇಳಿದಳು. ರಾಯರು ಕಣ್ಣು ಪಿಳುಕಿಸದೆ, ‘ಶಿಲ್ಪಿ ಹೆಂಡ್ತಿ ತವರಿಗೆ ಹೋಗಿದ್ಲು. ಸಿಟ್ಟಿನಾಗ ಕೆತ್ತಲಿಲ್ಲ,’ ಎಂದರು. ಎಲ್ಲರೂ ‘ಅಯ್ಯ ಪಾಪ’ ಎಂದು ಬರೆದುಕೊಂಡರು. ಬ್ಯಾಂಕಿನಲ್ಲಿ ಒಂದು ಸಹಿ ಸೊಟ್ಟ ಬಂದರೆ ಚೆಕ್ಕು ವಾಪಸು ಮಾಡುವ ಪದ್ಮಜಾ ಕೂಡ ಬರೆದುಕೊಂಡಳು.

ಬಿದರಕೊಪ್ಪ ಸವಣೂರಿನಿಂದ ಹಾನಗಲ್ಲಿಗೆ ಬರುವ ಒಳದಾರಿಯ ಊರು. ಅಲ್ಲಿಯ ಸಂತೆ ಹಳೆಯ ಈಶ್ವರ ಗುಡಿಯ ಗೋಡೆಗೆ ಹತ್ತಿಕೊಂಡು ಕೂಡುತ್ತದೆ. ನಾವು ಹೋದಾಗ ಗೋಡೆಯ ನೆರಳಿನಲ್ಲಿ ಜಗಳ ನಡೆದಿತ್ತು. ಶಾರವ್ವ ಎಂಬ ಹೆಣ್ಣುಮಗಳು ಮೆಂತೆ, ಸಬ್ಬಸಿಗೆ, ರಾಜಗಿರಿ ಸಿವುಡುಗಳ ನಡುವೆ ಒಂದು ಹಳೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಎದುರಿಗೆ ಸಂತೆ ಕರದ ಗುತ್ತಿಗೆ ಹಿಡಿದ ಜಗದೀಶ. ಅವನ ಪಕ್ಕದಲ್ಲಿ ಮೊಬೈಲಿನ ಕವರು ಮಾರುವ ಒಬ್ಬಾತ ತಾಡಪತ್ರಿ ಸುತ್ತಿ ಹೆಗಲಿಗಿಟ್ಟು, ಇವಳು ಎದ್ದರೆ ಹಾಸಿಯೇಬಿಡುವವನ ಹಾಗೆ ನಿಂತಿದ್ದ.

‘ಶಾರವ್ವಾ, ಇನ್ನ ಹೇಳಾಂಗಿಲ್ಲ. ಈ ಜಾಗಾ ಇವಂಗ ಕೊಟ್ಟೇನಿ. ನೀ ಆ ಗಟಾರದ ದಂಡಿಗೆ ಹೋಗು,’ ಎಂದ ಜಗದೀಶ.

‘ಗಟಾರದ ದಂಡಿಗೆ ಕುಂತ್ರ ನನ್ನ ಪಲ್ಯಾ ಯಾರ ತಗೋತಾರೊ? ಬಿಸಲಾಗ ಬಾಡಿ ಹೊಕ್ಕೈತಿ. ನಮ್ಮತ್ತಿ ಕುಂತ ಜಾಗಾ ಇದು. ಇದ ಹೋತಂದ್ರ ನನ್ನ ಸಂತೀನ ಮುಗೀತು.’

‘ನಿಮ್ಮತ್ತಿ ಜಾಗಾ ಅಂತ ಎಲ್ಲಿ ಬರದೈತಿ? ತೋರಸು, ಬಿಡ್ತೇನಿ.’

ಸರಿಯಾಗಿ ಅದೇ ಹೊತ್ತಿಗೆ ಪದ್ಮಜಾ, ‘ಕಾಕಾ, ಇಲ್ಲಿ ನೋಡ್ರಿ, ಶಾಸನ!’ ಎಂದು ಕೂಗಿದಳು. ಶಾರವ್ವನ ಬೆನ್ನ ಹಿಂದಿನ ಕಲ್ಲಿನ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಒಂದು ಆಕಳು, ಅದರ ಕರು ಇದ್ದವು. ಕೆಳಗೆ ಸವೆದು ಹೋದ ಸಾಲುಗಳು. ಮಂಡಳಿಯೆಲ್ಲ ಬಂದು ಸುತ್ತುವರಿಯಿತು. ಆಕಾಶ ಕೋಲು ಚಾಚಿದ. ‘ಓದ್ರಿ ಕಾಕಾ’ ಎಂದಳು ಪದ್ಮಜಾ.

ರಾಯರು ಕರವಸ್ತ್ರದಿಂದ ಕಲ್ಲು ಒರೆಸಿದರು. ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮೀಟರಿನ ಪೆಟ್ಟಿಗೆ ನೋಡುವಾಗಿನ ಹಾಗೆ ಸೊಂಟ ಬಗ್ಗಿಸಿ ಕತ್ತು ಓರೆ ಮಾಡಿದರು. ಕಲ್ಲಿನ ಒಂದಕ್ಷರವೂ ತಿಳಿಯಲಿಲ್ಲ. ಅಜ್ಜನ ಬಾಯಿಂದ ಕೇಳಿದ ನಾಲ್ಕು ಶಬ್ದ ನೆನಪಿದ್ದವು, ಕಣ್ಣ ಮುಂದೆ ಗೋಡೆ, ನೆರಳು, ಹೆಣ್ಣುಮಗಳು, ಮೆಂತೆಪಲ್ಯೆ ಇದ್ದವು. ಎಲ್ಲವನ್ನೂ ಕಲಸಿ ಧ್ವನಿ ಎತ್ತಿದರು.

‘ಸ್ವಸ್ತಿಶ್ರೀ! ಈ ದೇವಾಲಯದ ಗೋಡೆಯ ನೆರಳಿನಲ್ಲಿ ಕುಳಿತು ಸೊಪ್ಪು ಮಾರುವ ಹೆಣ್ಣುಮಕ್ಕಳನ್ನು ಸೂರ್ಯಚಂದ್ರರು ಇರುವತನಕ ಯಾರೂ ಎಬ್ಬಿಸಕೂಡದು. ಎಬ್ಬಿಸಿದವನು ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು!’

ಮಂಡಳಿ ಚಪ್ಪಾಳೆ ತಟ್ಟಿತು. ಶಾರವ್ವ ಕೂತಲ್ಲಿಂದ ಏಳದೆ ಮೈಯಷ್ಟೇ ತಿರುಗಿಸಿ ಕಲ್ಲನ್ನು ನೋಡಿದಳು, ರಾಯರನ್ನು ನೋಡಿದಳು.

‘ರಾಯರ, ಇನ್ನೊಮ್ಮಿ ಓದ್ರಿ. ಜೋರಾಗಿ.’

ರಾಯರ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ. ಅವರು ಉಬ್ಬಿ ಹೋದರು. ಎರಡನೆಯ ಓದಿನಲ್ಲಿ ಆಕೆಯ ಮಕ್ಕಳನ್ನೂ ಸೊಸೆಯಂದಿರನ್ನೂ ಸೇರಿಸಿದರು.

‘ಕೇಳಿದೇನೋ ಜಗದೀಶಾ?’ ಶಾರವ್ವ ಕೂಗಿದಳು. ‘ಎಲ್ಲಿ ಬರದೈತಿ ಅಂದ್ಯಲ್ಲ? ನಾ ಬೆನ್ನು ಹಚ್ಚಿ ಕುಂತಲ್ಲೇ ಬರದೈತಿ! ಎಬ್ಬಿಸು ಈಗ. ಆಕಳಾ ಕೊಂದ ಪಾಪ ಕಟ್ಕೊ!’

‘ಯಾವ ಅರಸನ್ರೀ ಇವಾ? ಹೆಸರ ಹೇಳ್ರಿ,’ ಎಂದ ಜಗದೀಶ ರಾಯರಿಗೆ.

‘ಹೆಸರು ಇದ್ದಲ್ಲೇ ಚಕ್ಕಿ ಎದ್ದು ಹೋಗ್ಯದ,’ ಎಂದರು ರಾಯರು, ಅರಸನ ಸ್ವಂತ ಅಳಿಯನ ಗತ್ತಿನಲ್ಲಿ.

ಅಷ್ಟಕ್ಕೆ ಬಾಯಿ ಹೊಲಿದುಕೊಂಡಿದ್ದರೆ ಊಟದ ಹೊತ್ತಿಗೆ ಹಾನಗಲ್ಲು ಮುಟ್ಟುತ್ತಿದ್ದೆವು. ಆದರೆ ಸುದ್ದಿ ಸಂತೆಯೊಳಗೆ ಓಡಿತು. ಎದುರಿಗೆ ಬಳೆ ಮಾರುವ ಸುಹಾನಾ ಬುಟ್ಟಿ ಬಿಟ್ಟು ಬಂದಳು.

‘ಅಜ್ಜಾರ, ಬಳಿ ಅಂತ ಎಲ್ಲೆರ ಐತೇನು ನೋಡ್ರಿ. ನಮ್ಮ ಮ್ಯಾಲೂ ಇವನ ಕಣ್ಣು ಐತ್ರಿ.’

ಹೆಣ್ಣುಮಗಳು ಕೇಳಿದಾಗ ಇಲ್ಲ ಅನ್ನುವುದು ಯಾವ ಅರಸನ ಬಾಯಲ್ಲೂ ಬರುವುದಿಲ್ಲ. ರಾಯರು ಬಗ್ಗಿದರು. ಬಳೆ ಇತ್ತು. ಆಮೇಲೆ ಮೆಣಸಿನಕಾಯಿಯವಳು ಬಂದಳು. ಮೆಣಸಿನಕಾಯಿಯೂ ಇತ್ತು. ನಾನು ನೀರಿನ ಕ್ಯಾನು ಕೆಳಗಿಟ್ಟು ರಾಯರ ಅಂಗಿ ಜಗ್ಗಿ, ‘ಸಾಕು ಮಾಡ್ರಿ, ಕಲ್ಲು ಮುಗೀತು,’ ಎಂದೆ. ಅವರು ನನ್ನ ಕೈ ಕೊಡವಿದರು.

ಆಗ ಬಂದವನು ಪರಮೇಶಪ್ಪ, ಬೆಳ್ಳುಳ್ಳಿ ವ್ಯಾಪಾರಿ. ಅವನು ಕೂರುವುದು ರಸ್ತೆಯ ನಟ್ಟನಡುವೆ. ಬಸ್ಸು ಬಂದಾಗೊಮ್ಮೆ ಗೋಣಿಚೀಲ ಎಳೆದುಕೊಂಡು ಎದ್ದು, ಬಸ್ಸು ಹೋದ ಮೇಲೆ ಮತ್ತೆ ಅಲ್ಲೇ ಹಾಸುವ ಮನುಷ್ಯ.

‘ನಮ್ಮಂಥ ಗಂಡಮಕ್ಕಳಿಗೆ ಏನೂ ಬರದಿಲ್ಲೇನ್ರಿ? ಆ ಡ್ರೈವರ್ ಹಾರ್ನ್ ಹೊಡದ ಹೊಡದ ನನ್ನ ಕಿವಿ ಹೋಗ್ಯಾವು.’

ಮಂಡಳಿ ಕಾಯುತ್ತಿತ್ತು. ಆಕಾಶನ ಕೋಲು ಹತ್ತಿರ ಬಂತು. ರಾಯರು ಕಲ್ಲಿನ ಬುಡಕ್ಕೆ ಕೈಯಿಟ್ಟು, ‘ಬೆಳ್ಳುಳ್ಳಿಯವನು ರಾಜಮಾರ್ಗದ ಮಧ್ಯದಲ್ಲಿ ಕುಳಿತುಕೊಳ್ಳತಕ್ಕದ್ದು’ ಎಂದು ಓದಿಬಿಟ್ಟರು.

ನಾಚಿಕೆ ಬೇಡವೆ ಮನುಷ್ಯನಿಗೆ? ಕವರಿನವನೂ ಮೆಲ್ಲಗೆ ತಾಡಪತ್ರಿ ಇಳಿಸಿ, ‘ಸರ, ಮೊಬೈಲಿಂದು ಏನರ…’ ಎಂದ. ಅದನ್ನೂ ಓದುತ್ತಿದ್ದರೋ ಏನೋ, ಅಷ್ಟರಲ್ಲಿ ಹಾನಗಲ್ ಬಸ್ಸು ಬಂತು.

ಡ್ರೈವರು ಹಾರ್ನ್ ಹೊಡೆದ. ಪರಮೇಶಪ್ಪ ಎದ್ದೇಳಲಿಲ್ಲ. ಬೆಳ್ಳುಳ್ಳಿ ರಾಶಿಯ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ‘ಅರಸರ ಅಪ್ಪಣಿ ಆಗೈತಿ. ನೀ ಹಿಂದ ಹೋಗು,’ ಎಂದ. ಕಂಡಕ್ಟರು ಇಳಿದು ಬಂದು ಬೈದ. ಬಸ್ಸಿನ ಮಂದಿ ಇಳಿದು ಬಂದು ಕಂಡಕ್ಟರನ್ನು ಬೈದರು. ಹಿಂದೆ ಟಂಟಂ, ಟ್ರ್ಯಾಕ್ಟರು, ಕಬ್ಬಿನ ಗಾಡಿ ನಿಂತವು. ನಮ್ಮ ಟೆಂಪೋ ಅವುಗಳ ನಡುವೆ ಸಿಕ್ಕಿಕೊಂಡಿತು. ಹಿರೇಕೆರೂರು ಅವತ್ತಿನ ಕಾರ್ಯಕ್ರಮದಿಂದ ಬಿದ್ದುಹೋದದ್ದು ಆಗಲೇ. ಜಗದೀಶ ಪಂಚಾಯ್ತಿಗೆ ಓಡಿಹೋಗಿ ಅಲ್ಲಿಯ ಅಧಿಕಾರಿ ಲೋಹಿತನನ್ನು ಕರೆತಂದ.

ಲೋಹಿತ ಎಂಬ ಈ ಅಧಿಕಾರಿ ಇನ್ನೂ ಎಳೆಯ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದವನು. ಅವನು ಕಲ್ಲಿನ ಕಡೆ ನೋಡಲೇ ಇಲ್ಲ.

‘ಓದಿದವ್ರು ಯಾರು?’

ಸಂತೆಗೆ ಸಂತೆಯೇ ರಾಯರತ್ತ ಕೈ ತೋರಿಸಿತು.

‘ಛಲೋ ಆತ್ರಿ. ನೀವು ಓದಿದ್ದನ್ನ ಒಂದು ಹಾಳ್ಯಾಗ ಬರದು, ಇದು ಹಿಂಗ ಐತಿ ಅಂತ ಸಹಿ ಮಾಡಿ ಕೊಡ್ರಿ. ಮುಂದಿಂದು ನಾವು ನೋಡ್ತೇವಿ.’

ಸರಕಾರಿ ನೌಕರಿಯಲ್ಲಿ ತಲೆ ನರೆಸಿದವರು ಹುಲಿಗೆ ಹೆದರುವುದಿಲ್ಲ, ಹಾವಿಗೆ ಹೆದರುವುದಿಲ್ಲ, ಸಹಿಗೆ ಹೆದರುತ್ತಾರೆ. ರಾಯರ ಮುಖದ ಬಣ್ಣ ಇಳಿಯಿತು. ಜಗದೀಶ ಅದನ್ನು ಕಂಡು ಹತ್ತಿರ ಬಂದ.

‘ಹಾಕ್ರಿ ಸರ ಸಹಿ. ನಾಳೆ ಸುಳ್ಳು ಅಂತ ಆತಂದ್ರ ನಾ ಪೊಲೀಸ್ ಸ್ಟೇಶನ್ನಿಗೆ ಹೊಕ್ಕೇನಿ. ನಿಮ್ಮ ಪೆನ್ಶನ್ ಎಲ್ಲಿ ಹೋಗತೈತಿ ನೋಡೋಣಂತ.’

ಪೆನ್ಶನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಜ್ಜ, ಅಪ್ಪ, ಮನೆತನ, ರಕ್ತ ಎಲ್ಲ ಹಾರಿಹೋದವು. ರಾಯರು ಗುಡಿಯ ಕಟ್ಟೆ ಹತ್ತಿ ಎರಡೂ ಕೈ ಎತ್ತಿ ಮುಗಿದರು.

‘ಕೇಳ್ರಿ ಎಲ್ಲಾರೂ! ನನಗ ಓದ್ಲಿಕ್ಕೆ ಬರೂದಿಲ್ಲ! ಈ ಕಲ್ಲಿನಾಗಿನ ಒಂದಕ್ಷರಾ ನನಗ ತಿಳಿದಿಲ್ಲ. ಬಾಯಿಗೆ ಬಂದದ್ದು ಹೇಳೀನಿ. ತಪ್ಪಾತು!’

ಆ ದಿನ ಸೂರ್ಯ ಹುಟ್ಟಿದಾಗಿನಿಂದ ಅವರು ಆಡಿದ ಮೊದಲ ನಿಜ ಅದು. ಮರುಗಳಿಗೆ ಸುಹಾನಾ ಸೊಂಟಕ್ಕೆ ಕೈಯಿಟ್ಟಳು.

‘ಓದಾಕ ಬರಾಂಗಿಲ್ಲಂತ! ಗಡಗಡಾ ಓದಿದ್ರಲ್ರೀ ಈಗ? ಓದಾಕ ಬರದಾವ್ರು ಹಂಗ ಓದ್ತಾರೇನು?’

‘ಜಗದೀಶ ಕಿವ್ಯಾಗ ಏನೋ ಊದಿದ. ನಾ ಕಣ್ಣಾರೆ ನೋಡೇನಿ,’ ಎಂದ ಪರಮೇಶಪ್ಪ. ‘ಹೆದರಿಸ್ಯಾನ ಹಿರ್ಯಾರನ್ನ.’

‘ಹೆದರಿಸಿಲ್ಲೋ ಮಾರಾಯಾ! ಅವರs ಹೇಳಾಕತ್ತಾರ ಬರಾಂಗಿಲ್ಲಂತ!’ ಜಗದೀಶ ಬಾಯಿ ಬಡಿದುಕೊಂಡ.

ಆಕಾಶ ಫೋನು ತೆಗೆದು ಆಗ ರೆಕಾರ್ಡ್ ಮಾಡಿಕೊಂಡಿದ್ದ ಓದನ್ನು ಜೋರಾಗಿ ಹಾಕಿದ. ‘ಸ್ವಸ್ತಿಶ್ರೀ’ ಎಂದು ರಾಯರದೇ ದನಿ ಗುಡುಗಿತು. ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ಮಂಡಳಿಯ ಹೆಂಗಸರು ತಮ್ಮತಮ್ಮಲ್ಲಿ, ‘ಎಷ್ಟು ವಿನಯ ನೋಡ್ರಿ, ದೊಡ್ಡ ಪಂಡಿತರು ಹಿಂಗs ಇರ್ತಾರ,’ ಎಂದುಕೊಂಡರು. ಓದಿದವರ ದಡ್ಡತನಕ್ಕೆ ಮದ್ದಿಲ್ಲ.

ರಾಯರು ನೀರಿಗೆ ಬಿದ್ದವರ ಹಾಗೆ ಕೈಕಾಲು ಬಡಿದರು. ‘ನಮ್ಮ ಮನಿಯವಳನ್ನ ಕೇಳ್ರಿ! ಆಕಿ ಖರೇ ಹೇಳ್ತಾಳ! ನಾ ಎಂಥಾ ದಡ್ಡ ಅಂತ ಆಕಿಗೆ ಗೊತ್ತದ!’

ಇದು ಒಳ್ಳೆಯ ಉಪಾಯವೇ. ಗಂಗಾಬಾಯಿಯಷ್ಟು ನಂಬಿಗಸ್ತ ಸಾಕ್ಷಿ ನಾಲ್ಕು ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಆದರೆ ಫೋನು ಮಾಡಿದವಳು ಪದ್ಮಜಾ, ಗಂಡನ ಕಡೆಯ ಸಂಬಂಧಿ, ಹುಬ್ಬಳ್ಳಿಯವಳು. ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದಳು.

‘ಕಾಕೂ, ನಮ್ಮ ಕಾಕಾಗ ಶಾಸನ ಓದ್ಲಿಕ್ಕೆ ಬರೂದಿಲ್ಲಂತ ಇಲ್ಲೆ ಮಂದಿ ಅನ್ಲಿಕ್ಕತ್ತಾರ. ಖರೇನ?’

ಫೋನಿನಲ್ಲಿ ಕುಕ್ಕರು ಕೂಗಿತು. ಆಮೇಲೆ ಗಂಗಾಬಾಯಿ.

‘ಯಾರವರು ಅನ್ನೋವ್ರು? ನಮ್ಮ ಮನೆತನಾ ಎಂಥಾದ್ದು ಅಂತ ತಿಳ್ಕೊಂಡಾರ? ಇವರ ಅಜ್ಜಾರು ಕಣ್ಣು ಮುಚ್ಚಿ ಕಲ್ಲು ಓದ್ತಿದ್ರು. ಇವರೇನು ಕಡಿಮಿ? ಮನ್ಯಾಗ ಕುಂತ್ರ ಬರೇ ಹಳಗನ್ನಡನs! ಹಂಗ ಅಂದವರ ಬಾಯಾಗ ಹುಳಾ ಬೀಳ್ಲಿ!’

ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ತಮ್ಮನ್ನು ಹೊಗಳಿದ್ದನ್ನು ರಾಯರು ಕೇಳಿದ್ದು ಅದೇ ಮೊದಲು. ಅವರು ಕಟ್ಟೆಯ ಮೇಲೆ ಕುಸಿದು ಕೂತರು. ನಾನು ನೀರು ಕೊಟ್ಟೆ. ಸಹಾಯಕ ಮಾರ್ಗದರ್ಶಕನ ಕೆಲಸ ಅಷ್ಟೇ ತಾನೆ.

ಜಗದೀಶ ಲೋಹಿತನ ಕಡೆ ತಿರುಗಿದ. ‘ಸರ, ನೀವs ಹೇಳ್ರಿ. ಆಕಿ ಜಾಗಾ ಬಿಡಬೇಕೋ ಬ್ಯಾಡೋ?’

ಲೋಹಿತ ಹಿಂದೆ ನಿಂತ ಬಸ್ಸನ್ನು ನೋಡಿದ, ಹೆಣ್ಣುಮಕ್ಕಳ ಗುಂಪನ್ನು ನೋಡಿದ, ಆಕಾಶನ ಕೋಲು ನೋಡಿದ. ಕೋಲು ನೋಡಿದ ಮೇಲೆ ಕಾಲರು ಸರಿ ಮಾಡಿಕೊಂಡ.

‘ಒಬ್ಬರು ಬರದೈತಿ ಅಂತಾರ, ಅವರs ಬರದಿಲ್ಲ ಅಂತಾರ. ಇದು ಪಂಚಾಯ್ತಿ ತೀರ್ಮಾನ ಮಾಡೂ ವಿಷಯ ಅಲ್ಲ. ಸಂಬಂಧಪಟ್ಟ ಇಲಾಖೆ ತಜ್ಞರು ಬಂದು ಓದೂತನಕ ಕಲ್ಲಿನ ಹತ್ರ ಇದ್ದವ್ರು ಇದ್ದಂಗ ಇರಬೇಕು. ಬೆಳ್ಳುಳ್ಳಿ ಮಾತ್ರ ರಸ್ತಾ ಬಿಡ್ಲಿ. ಅದು ಕಲ್ಲಿನಿಂದ ದೂರ ಐತಿ.’

‘ತಜ್ಞರು ಯಾವಾಗ ಬರ್ತಾರ್ರಿ?’

‘ಪತ್ರಾ ಬರಿತೇವಿ.’

ಸೂರ್ಯಚಂದ್ರರು ಇರುವತನಕ ಎಂದು ರಾಯರು ಓದಿದ್ದಕ್ಕೂ, ಪತ್ರ ಬರೆಯುತ್ತೇವೆ ಎಂದು ಇವನು ಹೇಳಿದ್ದಕ್ಕೂ ಅರ್ಥ ಒಂದೇ ಎಂಬುದು ಗುತ್ತಿಗೆದಾರನಾದ ಜಗದೀಶನಿಗೆ ತಿಳಿಯದೆ ಇರುತ್ತದೆಯೆ? ಅವನು ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಹೊರಟ. ಕವರಿನವನು ತಾಡಪತ್ರಿ ಹೊತ್ತುಕೊಂಡು ಗಟಾರದ ದಂಡೆಗೆ ಹೋದ. ಪರಮೇಶಪ್ಪ ಅರಸರನ್ನು ಬೈಯುತ್ತ ಗೋಣಿಚೀಲ ಎಳೆದುಕೊಂಡ. ಬಸ್ಸು ಹೋಯಿತು.

ಮಂಡಳಿಯವರು ಟೆಂಪೋ ಹತ್ತುತ್ತ ಮುಂದಿನ ತಿಂಗಳ ದಿನವನ್ನು ಅಲ್ಲೇ ಗೊತ್ತು ಮಾಡಿದರು. ಇನ್ನೂ ದೊಡ್ಡ ಶಾಸನ ಬೇಕಂತೆ. ಆ ಮಾತು ಕಿವಿಗೆ ಬಿದ್ದ ಮೇಲೆ ರಾಯರ ಮೈಯಲ್ಲಿ ಮತ್ತೆ ಉಸಿರು ಆಡಿತು. ಪೆನ್ಶನ್ ಉಳಿದಿತ್ತು, ಸಹಿ ಹಾಕಿರಲಿಲ್ಲ. ಧೋತರ ಕೊಡವಿಕೊಂಡು ಎದ್ದರು, ಶಾಲು ಸರಿಮಾಡಿಕೊಂಡು ಶಾರವ್ವನ ಎದುರಿಗೆ ಹೋಗಿ ನಿಂತರು. ಕೈ ಮುಗಿದಾಳು, ಕಾಲಿಗೆ ಬಿದ್ದಾಳು ಎಂಬ ಆಸೆ ಮುಖದ ಮೇಲೆ ಕಾಣುತ್ತಿತ್ತು. ಅವಳು ಮೆಂತೆ ಸಿವುಡುಗಳಿಗೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತಲಿಲ್ಲ. ಬಹಳ ಹೊತ್ತು ನಿಂತ ಮೇಲೆ ರಾಯರಿಗೆ ಏನನ್ನಿಸಿತೋ, ಬಗ್ಗಿ ಸಣ್ಣ ದನಿಯಲ್ಲಿ ಹೇಳಿದರು.

‘ಯವ್ವಾ, ಖರೇ ಹೇಳ್ತೀನಿ. ನನಗ ಓದ್ಲಿಕ್ಕೆ ಬರೂದಿಲ್ಲ.’

‘ಗೊತ್ತೈತಿ ಬಿಡ್ರಿ,’ ಎಂದಳು ಶಾರವ್ವ. ‘ಓದಾಕ ಬರಾವ್ರು ಯಾವಾಗರ ನಮ್ಮ ಹೆಸರ ಓದ್ಯಾರೇನು? ಸರೀರಿ, ಗಿರಾಕಿಗೆ ಅಡ್ಡ ನಿಂತೀರಿ.’

ರಾಯರು ಸರಿದರು. ಅವರ ಹಿಂದೆ ಚೀಲ ಹಿಡಿದು ಕಾಯುತ್ತಿದ್ದ ಹೆಣ್ಣುಮಗಳು ಕುಕ್ಕರಗಾಲಲ್ಲಿ ಕೂತು ಮೆಂತೆಪಲ್ಯೆ ಆರಿಸತೊಡಗಿದಳು.